ಗರಿ ಇಲ್ಲದ ಮಂಗಳವಾರ

ನೀಮಾದ ಮಸೀದಿಯ ಮೊದಲ ಬಾಂಗಿಗೂ ಮುಂಚೆ
ನಮ್ಮ ಒಲೆಗೆ ಎಚ್ಚರ.
ರಾತ್ರಿಯೆಲ್ಲ ನೀರು ಕುಡಿದ ಅಲಸಂದೆ
ದಪ್ಪ ಹೊಟ್ಟೆ ಹೊತ್ತು ಕಾಯುತ್ತಿರುತ್ತದೆ.
ಮೊದಲು ಅದು ಬೇಯಬೇಕು, ಆಮೇಲೆ ಅಕ್ಕಿ.
ಹಿರಿಯರು ಕೂತ ಮೇಲೆ ಕಿರಿಯರು, ಅನ್ನುತ್ತಾಳೆ ಅವ್ವ.
ಅವೆರಡರ ನಡುವೆ ಜೋಳದ ಒಣಗರಿ ಒಂದು ಹಿಡಿ,
ಕ್ಷಾರದ ಕಲ್ಲಿನ ಚೂರು.
ನೀರು ನೋಡನೋಡುತ್ತ
ಗಾಯ ತೊಳೆದ ನೀರಾಗುತ್ತದೆ,
ಆಮೇಲೆ ಇಟ್ಟಿಗೆ,
ಆಮೇಲೆ ಅಜ್ಜಿ ಹೊದೆಯುತ್ತಿದ್ದ ಹಳೆಯ ಬಟ್ಟೆಯ ಬಣ್ಣ.
ಅದನ್ನು ಕುಡಿದ ಮೇಲೆಯೇ
ಅಕ್ಕಿಗೆ ವಾಚೆ ಅನ್ನುವ ಹೆಸರು.

ಬಣ್ಣ ಬಿಟ್ಟ ಗರಿಯನ್ನು ತಿಪ್ಪೆಗೆ ಎಸೆಯುತ್ತೇವೆ.
ಅದನ್ನು ಯಾರೂ ತಿನ್ನುವುದಿಲ್ಲ.
ಎದುರುಮನೆಯ ಮೇಕೆ ಕೂಡ
ಮೂಸಿ ನೋಡಿ ಮುಂದೆ ಹೋಗುತ್ತದೆ.

ಆ ಮಂಗಳವಾರ ಗರಿ ಬರಲಿಲ್ಲ.
ಬಡಗಣದಿಂದ ಬರುವ ಲಾರಿ ಯಾವುದೋ ಸೇತುವೆಯ ಹತ್ತಿರ
ಅಚ್ಚು ಮುರಿದು ಮಲಗಿತ್ತಂತೆ.
ಅವ್ವನಿಗೆ ಹೇಳಲಿಲ್ಲ ನಾನು.
ಅವಳ ಕಣ್ಣಿಗೆ ಪೊರೆ ಬಂದು ಎರಡು ರಂಜಾನ್ ಕಳೆದಿವೆ,
ಸಾಲಿನಲ್ಲಿ ನಿಂತವರೆಲ್ಲ ಈಗ ಅವಳಿಗೆ
ಬರೀ ದನಿ, ಬರೀ ಚಿಲ್ಲರೆಯ ಸದ್ದು.
ಸೋಡಾಪುಡಿ ಹಾಕಿ ಬೇಯಿಸಿದೆ.
ಅನ್ನ ಬೂದಿಗೆ ತಿರುಗಿ
ನನ್ನನ್ನೇ ನೋಡಿತು.

"ಬಣ್ಣ ಬಂತೇನೆ, ಅಜೂಮಿ?"
"ಬಂತವ್ವ."
"ಎಂಥದ್ದು?"
"ದಿನದ್ದೇ."
ಕೈಚಾಚಿದಳು. ಒಂದು ಅಗುಳು ಇಟ್ಟೆ.
ಹಳೆಯ ಸಾಲಗಾರನ ಹೆಸರು ನೆನಪು ಮಾಡಿಕೊಳ್ಳುವವಳಂತೆ
ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕೂತಳು.
ಬೈಯಲಿಲ್ಲ.
"ಬಂದವರಿಗೆಲ್ಲ ಹೇಳಿ ಬಡಿಸು.
ಸೌಟು ಮುಟ್ಟುವ ಮೊದಲೇ ಹೇಳು."

ಹೇಳಿದೆ.
ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಡೇಡೆಗೆ ಹೇಳಿದೆ.
"ನನ್ನ ಹಸಿವಿಗೆ ಕಣ್ಣಿಲ್ಲ ಕಣೆ, ಹಾಕು" ಅಂದಳು,
ಅಂದವಳು ಅವ್ವನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.
ಮೊದಲು ನಕ್ಕವಳು ಅವ್ವನೇ.
ವ್ಯಾನ್ ಓಡಿಸುವ ಕ್ವಾಬ್ಲಾ
"ಹಾಗಾದರೆ ಮೊಟ್ಟೆ ಪುಕ್ಕಟೆ" ಎಂದು ಚೌಕಾಸಿಗಿಳಿದ.
ಸಾಹೇಬನ ಮನೆಯ ಅಡುಗೆಯವ ಹಿತ್ತಾಳೆ ಡಬ್ಬಿ ತಂದಿದ್ದ,
ಅವನ ಹಿಂದೆಯೇ ಬೂಟು ಒರೆಸುವ ಹುಡುಗ ಬರಿಗೈಯಲ್ಲಿ.
ಈ ಸಾಲಿನಲ್ಲಿ ಯಾರಿಗೂ ಕುರ್ಚಿಯಿಲ್ಲ.
ಒಬ್ಬ ಟೈ ಕಟ್ಟಿದವನು ಇಣುಕಿ ನೋಡಿ
ರಸ್ತೆ ದಾಟಿ ಲಾಡಿಯ ಅಂಗಡಿಗೆ ನಡೆದ.
ಅವನ ಬೆನ್ನು ನನಗೆ ಇನ್ನೂ ಗುರುತಿದೆ.

ಗಾರೆ ಕೆಲಸದ ಅಟಿಂಗಾ ಮಾತ್ರ ತುಂಬ ಹೊತ್ತು
ಪಾತ್ರೆಯೊಳಗೆ ನೋಡಿದ.
ಅವನ ಊರಿನಲ್ಲಿ ಜೋಳ ಆಳೆತ್ತರ ಬೆಳೆಯುತ್ತದೆ.
"ಇದು ಅನ್ನ, ಇದು ಅಲಸಂದೆ," ಅಂದ,
"ಇಬ್ಬರಿಗೂ ಇನ್ನೂ ಪರಿಚಯವಾಗಿಲ್ಲ."
ದುಡ್ಡು ಮಾತ್ರ ಪೂರ್ತಿ ಕೊಟ್ಟ.
ಅಗಲ ಹಸಿರೆಲೆಯಲ್ಲಿ ಕಟ್ಟಿಕೊಟ್ಟೆ,
ಮೇಲೆ ಕರಿ ಖಾರ, ಮರಗೆಣಸಿನ ತರಿ.
ಕಟ್ಟುವುದಕ್ಕೆ ಎಲೆ ಇತ್ತು.

ಇನ್ನೂರು ಸಲ ಹೇಳಿದರೆ
ತಪ್ಪು ತಪ್ಪಾಗಿ ಉಳಿಯುವುದಿಲ್ಲ, ಹವಾ ಸಮಾಚಾರದಂತಾಗುತ್ತದೆ:
ಇವತ್ತು ಗರಿ ಇಲ್ಲ. ಇವತ್ತು ಗರಿ ಇಲ್ಲ.
ಆದರೂ ಪ್ರತಿ ಸಲ ಕಿವಿ ಬಿಸಿಯಾಗುತ್ತಿತ್ತು.

ಮಧ್ಯಾಹ್ನ ಪಾತ್ರೆಯ ತಳದಲ್ಲಿ ಉಳಿದಿತ್ತು.
ನಮ್ಮಲ್ಲಿ ಯಾವತ್ತೂ ಉಳಿದದ್ದಿಲ್ಲ.
ಅವ್ವ ನೆಲಕ್ಕೆ ಕೂತು
ಅಷ್ಟನ್ನೂ ತಿಂದಳು, ತಳ ಹಿಡಿದದ್ದನ್ನೂ ಕೆರೆದು.
ರುಚಿ ಹೇಗಿದೆ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ.
ಕೈತೊಳೆಯುತ್ತ ಅವಳೇ ಅಂದಳು:
"ಗರ್ಭಿಣಿಯಾಗಿದ್ದಾಗ ಒಂದು ಸಲ ನಾನೂ ಹೀಗೇ ಮಾಡಿದ್ದೆ.
ಯಾರಿಗೂ ಹೇಳಿರಲಿಲ್ಲ."

ಗುರುವಾರ ಲಾರಿ ಬಂತು.
ಗರಿಯ ಕಟ್ಟು ಬಿಚ್ಚಿದಾಗ ಧೂಳು, ಒಂದು ಸತ್ತ ಮಿಡತೆ,
ಯಾರದೋ ಹೊಲದ ಬಿಸಿಲು.
ನನ್ನ ಉಗುರುಸಂದಿಗೆ ಮತ್ತೆ ಕೆಂಪು.
ಬಣ್ಣ ಬಂತೇ ಎಂದು ಅವ್ವ ಕೇಳಲಿಲ್ಲ,
ನನ್ನ ಕೈ ಹಿಡಿದು ಮೂಸಿ ಬಿಟ್ಟಳು.
"ಸಾಲು ಎಷ್ಟಿದೆ?"
ಎಣಿಸಿಯೇ ಹೇಳಿದೆ:
ಹದಿನೇಳು ಜನ,
ಒಂದು ಮೇಕೆ.